ಬಾದಶಹನ ಕಿಸೆ, ನಮ್ಮವರ ಕಿಸೆ

ನನ್ನ ಗಂಡ ಉಮರ್ಗಾ ಸುತ್ತಲಿನ ಒಕ್ಕಲು ಮನೆಗಳಿಗೆ ಅಯ್ಯನವರು. ಕೂಸು ಹುಟ್ಟಿದರೆ ಲಿಂಗ ಕಟ್ಟಲು, ಮದುವೆ ಮಾಡಿಸಲು, ಎಲ್ಲಕ್ಕೂ ಅವರೇ ಬೇಕು. ಜನರ ಕಣ್ಣಿಗೆ ಅವರ ರುದ್ರಾಕ್ಷಿ, ಹಣೆಯ ವಿಭೂತಿ ಕಾಣುತ್ತಿದ್ದವು. ನನಗೆ ಕಾಣುತ್ತಿದ್ದುದು ಅಂಗಿಯ ಕಿಸೆ. ಒಗೆಯಲು ಕೂತರೆ ಸಾಕು, ತಲೆ ಕೆಡುತ್ತಿತ್ತು. ಕಚ್ಚಿಟ್ಟ ಅಡಿಕೆ, ಹುಣಸೆ ಬೀಜ, ಯಾವ ಬೀಗಕ್ಕೂ ಹೊಂದದ ಕೀಲಿ, ಯಾರದೋ ಮನೆಯ ಅರ್ಧ ಹೋಳಿಗೆ, ನೀರು ತಾಗಿ ಸುಣ್ಣದಂತೆ ಮೆತ್ತಿಕೊಂಡ ವಿಭೂತಿ.

"ಇದು ಕಿಸೆ ಅಲ್ರೀ, ಉಗ್ರಾಣ," ಎಂದರೆ, "ದೊಡ್ಡ ಮಂದೀ ಕಿಸೆ ಹಿಂಗೇ ಇರ್ತಾವ," ಎನ್ನುತ್ತಿದ್ದರು.

ದೊಡ್ಡವರೆಂದರೆ ಅವರಿಗೆ ರಾಜರೇ. ಸಿಟ್ಟು ನೆತ್ತಿಗೇರಿ, ಬಟ್ಟೆ ಕುಕ್ಕುತ್ತ ಆ ರಾಜರ ಕಿಸೆಗಳನ್ನೂ ಜಾಡಿಸಿಬಿಡುತ್ತಿದ್ದೆ. ಟೊಪ್ಪಿಗೆ ಹೊಲಿಯುತ್ತಿದ್ದ ದಿಲ್ಲಿ ಬಾದಶಹನ ಕಿಸೆಯಲ್ಲಿ ಸಿಕ್ಕುಗಟ್ಟಿದ ದಾರ, ಬೇಗಮಳ ಬೆರಳಿಗೆ ಚುಚ್ಚುವ ಸೂಜಿ. ಗುಮ್ಮಟ ಕಟ್ಟಿಸಿದ ಬಿಜಾಪುರದ ಸುಲ್ತಾನನ ಕಿಸೆಯಲ್ಲಿ ಗಾರೆಯ ಉಂಡೆ, ಅಡಿಗೆಮನೆಗೆಂದು ಕೊಂಡು ಮರೆತ ಏಲಕ್ಕಿ. ಜಗತ್ತು ಗೆಲ್ಲುತ್ತ ಸಿಂಧೂ ನದಿಯವರೆಗೆ ಬಂದ ಯವನ ದೊರೆಯ ಕಿಸೆಯಲ್ಲಿ ಎಲ್ಲ ದೇಶಗಳ ಮಣ್ಣು. ಗುಡಿಸುವವಳು ಅವನ ಹೆಂಡತಿ. ಹೈದರಾಬಾದಿನ ಹುಜೂರರ ಕಿಸೆಗೆ ಮಾತ್ರ ಕೈ ಹಾಕುತ್ತಿರಲಿಲ್ಲ. ಅವರ ರಾಜ್ಯದಲ್ಲೇ ಬಟ್ಟೆ ಒಗೆಯಬೇಕಲ್ಲ.

"ಆ ಕಾಲದಾಗ ಅಂಗಿಗೆ ಕಿಸೆನೇ ಇದ್ದಿದ್ದಿಲ್ಲ," ಎಂದರು ಒಮ್ಮೆ.

"ಅದಕ್ಕೇ ರಾಜ್ಯ ಆಳ್ಯಾರ," ಎಂದೆ.

ಹೀಗಿರುವಾಗ ನಿಲಂಗಾದ ಒಂದು ಒಕ್ಕಲು ಮನೆಯಿಂದ ಕೂಸಿಗೆ ಲಿಂಗ ಕಟ್ಟಲು ಕರೆ ಬಂತು. ನಾನೂ ಜೊತೆಗೆ ಹೋದೆ. ಆ ಮನೆಯ ಸೊಸೆಗೆ ಮೊದಲು ಹುಟ್ಟಿದ ಕೂಸು ಲಿಂಗ ಕಟ್ಟುವ ಮುನ್ನವೇ ಹೋಗಿತ್ತು. ಈ ಸಲ ಲಿಂಗ ಕಟ್ಟುವವರೆಗೆ ಬಾಯಿಗೆ ನೀರೂ ಹಾಕುವುದಿಲ್ಲವೆಂದು ಬೆಳಗಿನಿಂದ ಕೂತಿದ್ದಳು. ಉದಗೀರ ಕಡೆಯ ಮಠದಿಂದ ಆ ಲಿಂಗ ತರುವ ಕೆಲಸ ನಮ್ಮವರದೇ.

ಪೂಜೆಯಾಯಿತು. "ಲಿಂಗ ತಗೀರಿ, ಅಯ್ಯನವ್ರೇ," ಎಂದ ಮನೆಯ ಹಿರಿಯ. ಇವರು ಕಿಸೆಗೆ ಕೈ ಹಾಕಿದರು. ಅಡಿಕೆ ಬಂತು. ಕೀಲಿ ಬಂತು. ಇನ್ನೊಂದು ಕಿಸೆಯಿಂದ ನಶ್ಯದ ಡಬ್ಬಿ, ಶೇಂಗಾ ಸಿಪ್ಪೆ. ನೆರೆದ ಹೆಂಗಸರೆದುರು ನನ್ನ ಮಾನವೆಲ್ಲ ಚಾಪೆಯ ಮೇಲೆ ಹರಡಿತು. ಲಿಂಗ ಮಾತ್ರ ಬರಲಿಲ್ಲ. ಸೊಸೆ ಕೂಸನ್ನು ಅವಚಿಕೊಂಡು, "ಇದೂ ಹೋಗ್ತದೇನ್ರೀ, ಅಮ್ಮನವ್ರೇ?" ಎಂದು ನನ್ನನ್ನು ಕೇಳಿದಳು. ನನಗೆ ಅಳುವೂ ಬಂತು, ಆ ಮನುಷ್ಯನ ಕೊರಳು ಹಿಸುಕುವಷ್ಟು ಸಿಟ್ಟೂ ಬಂತು.

ಕಂಗಾಲಾದ ಅವರು, ಸಂಕಟ ಬಂದಾಗ ಲಿಂಗವಂತರೆಲ್ಲ ಮಾಡುವಂತೆ, ಎದೆಯ ಮೇಲಿನ ತಮ್ಮ ಲಿಂಗವನ್ನು ಹಿಡಿದುಕೊಂಡರು. ಹಿಡಿದವರು ಹಾಗೇ ನಿಂತರು. ಮೆಲ್ಲಗೆ ಅಂಗಿಯಿಂದ ಹೊರತೆಗೆದರೆ, ಶಿವದಾರದಲ್ಲಿ ಅವರ ಲಿಂಗದ ಪಕ್ಕ ಬಟ್ಟೆಯ ಇನ್ನೊಂದು ಸಣ್ಣ ಗಂಟು.

"ಕಿಸೇದಾಗ ಇಟ್ರ ಕಳೀತದಂತ ಇಲ್ಲಿ ಕಟ್ಕೊಂಡಿದ್ದೆ," ಎಂದರು ತಲೆ ತಗ್ಗಿಸಿ.

ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸೊಸೆ ಲಿಂಗವನ್ನು ಅಂಗೈಯಲ್ಲಿ ಇಸಿದುಕೊಂಡು, "ಇನ್ನೂ ಬೆಚ್ಚಗದ ರೀ," ಎಂದಳು. ಇವರು ಮಂತ್ರ ಹೇಳಿ ಅದನ್ನು ಕೂಸಿನ ಎದೆಗೆ ಮುಟ್ಟಿಸಿ ಕಟ್ಟಿದರು. ಕೂಸು ಅಳಲಿಲ್ಲ; ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ಅತ್ತೆ ತಂದುಕೊಟ್ಟ ನೀರನ್ನು ಆ ಹುಡುಗಿ ಗಟಗಟ ಕುಡಿಯುವುದನ್ನು ನೋಡುತ್ತ, ನಾನು ಬೈಗುಳ ನುಂಗಿಕೊಂಡೆ.