ಹೆಬ್ಬಾವಿಗೆ ದಾರಿ ಬಿಟ್ಟ ಚಾಲಕರು

2003ರ ಡಿಸೆಂಬರ್, ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಅಂಕೋಲಾದಿಂದ ಕಾರವಾರಕ್ಕೆ ಹೊರಟ ಬಸ್ಸಿನಲ್ಲಿ ನಾನು, ಸೊಪ್ಪು ಮಾರುವ ಅಜ್ಜಿ ಮತ್ತು ದಿನವೂ ಬರುವ ಉಳಿದವರು ಇದ್ದೆವು. ತೋಡೂರಿನ ಬಳಿ ಚಾಲಕರು ಹಿಂದಿನ ಗಾಡಿಗಳು ನುಗ್ಗದಂತೆ ಬಸ್ಸನ್ನು ರಸ್ತೆಗೆ ತುಸು ಅಡ್ಡಲಾಗಿ ನಿಲ್ಲಿಸಿ ಎಂಜಿನ್ ಆರಿಸಿದರು. ಮುಂದೆ ಹೆಬ್ಬಾವೊಂದು ನಿಧಾನವಾಗಿ ರಸ್ತೆ ದಾಟುತ್ತಿತ್ತು. ಹಿಂದೆ ಲಾರಿಗಳು ಹಾರ್ನ್ ಹೊಡೆಯತೊಡಗಿದವು.

ಉಡ, ನವಿಲು, ಮುಂಗುಸಿ, ಯಾವುದು ಎದುರಾದರೂ ಅವರು ಹೀಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಗದ್ದವೂರಿ ನೋಡುತ್ತ ಕೂರುತ್ತಿದ್ದರು. ಕೇಳಿದರೆ ಒಂದೇ ಮಾತು: “ಅದ್ಕೂ ಹೋಗ್ಬೇಕಲ್ರಾ.” ಇನ್ನೊಮ್ಮೆ ತಡವಾದರೆ ಈ ರೂಟಿನಿಂದಲೇ ತೆಗೆದುಬಿಡುತ್ತೇನೆಂದು ಕಾರವಾರ ನಿಲ್ದಾಣದ ಕಂಟ್ರೋಲರು ಹಿಂದಿನ ವಾರ ನಮ್ಮೆದುರೇ ಅವರನ್ನು ಎಚ್ಚರಿಸಿದ್ದರು.

“ಅದೇನು ನಿನ್ನ ಹೆಂಡ್ತಿ ಮನೆ ನೆಂಟನಾ, ತಮಾ? ನನ್ನ ಹರಿವೆ ಸೊಪ್ಪು ಬಾಡ್ತದೆ!” ಅಜ್ಜಿ ರೇಗಿದಳು.

“ಇಲ್ಲಿ ಬಾರೇ ಅಜ್ಜಿ, ಅದರ ಮೈ ನೋಡು. ಎಷ್ಟ್ ಚಂದ ಹೊಳೀತದೆ!”

ಅಜ್ಜಿ ಗೊಣಗುತ್ತಲೇ ಮುಂದೆ ಬಂದು ಗಾಜಿನತ್ತ ಬಾಗಿದಳು. ಬಾಲದ ತುದಿ ಪೊದೆಯೊಳಗೆ ಮರೆಯಾಗುವವರೆಗೂ ನೋಡುತ್ತಲೇ ನಿಂತಳು.

ಕಾರವಾರದಲ್ಲಿ ಕಂಟ್ರೋಲರು ಗಡಿಯಾರ ತೋರಿಸಿ, “ಇವತ್ತೆಂತ ನೆವ?” ಎಂದರು. ಚಾಲಕರು ಬಾಯಿ ತೆರೆಯುವ ಮೊದಲೇ ಅಜ್ಜಿ ಶುರುಮಾಡಿದಳು.

“ಅವಂಗೆ ಎಂತಕೆ ಬೈತ್ರಿ? ನನ್ನ ಬುಟ್ಟಿ ರಸ್ತೆಗೆ ಬಿದ್ದೋಯ್ತು. ಸೊಪ್ಪು ಹೆಕ್ಕೂಕೆ ನಿಲ್ಸಿದಾ.”

ಕಂಟ್ರೋಲರು ನಮ್ಮ ಮುಖ ನೋಡಿದರು. ಎಲ್ಲರೂ ಹೌದೆಂದು ತಲೆಯಾಡಿಸಿದೆವು. ಅವರು ಏನೋ ಗೊಣಗಿ ಒಳಗೆ ಹೋದರು.

ಚಾಲಕರು ಬುಟ್ಟಿಯನ್ನೆತ್ತಿ ಅಜ್ಜಿಯ ತಲೆಯ ಮೇಲಿಟ್ಟರು.