ಕಾರ್ಗಿಲ್‌ಗೆ ಹೋಗಿಬಂದ ಪಾದ್ರಿ
ಫಾದರ್ ಚೌರಪ್ಪನವರಿಗೆ ಕರುಳೇ ಇಲ್ಲ. ಕಾರ್ಗಿಲ್ ಯುದ್ಧದಲ್ಲಿ ಸೈನಿಕರ ಪಾದ್ರಿಯಾಗಿದ್ದವರು ಈಗ ನಮ್ಮ ಕೆಂಪಾಪುರದ ಚರ್ಚಿನಲ್ಲಿದ್ದಾರೆ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಅವರು ಮಾತ್ರ ಬಲಿಪೂಜೆಗೆ ತಡವಾಗಿ ಬಂದವರನ್ನು ಬಾಗಿಲಲ್ಲೇ ಸಾಲಾಗಿ ನಿಲ್ಲಿಸಿ, "ಹೆಬ್ಬಾಳದ ಟ್ರಾಫಿಕ್ ದೇವ್ರಿಗೂ ಗೊತ್ತು ಕಣಮ್ಮಾ, ಬೇಗ ಹೊರಡ್ಬೇಕಿತ್ತು" ಎನ್ನುತ್ತಾರೆ. ಕಾಯಿಲೆಯವರ ಮನೆಗೆ ಹೋದರೂ ಕೂರುವುದಿಲ್ಲ. ಪ್ರಾರ್ಥನೆ ಮುಗಿಸಿ, "ಮಾತ್ರೆ ಬಿಡ್ಬೇಡಿ" ಎಂದು ಗದರಿ ಹೊರಡುತ್ತಾರೆ. ಯುದ್ಧ ಹೇಗಿತ್ತು ಎಂದು ಯಾರಾದರೂ ಕೇಳಿದರೆ, "ಚಳಿ ಇತ್ತು" ಎಂದಷ್ಟೇ ಉತ್ತರ. ಕಳೆದ ಭಾನುವಾರ ಮುನಿಕೃಷ್ಣಮ್ಮ ಚರ್ಚಿನ ಅಂಗಳಕ್ಕೆ ಬಂದರು. ಅವರು ಹಿಂದೂಗಳು, ಇದೇ ಊರಿನ ಹಳೆಯ ಮನೆತನದವರು. ಕಾರ್ಗಿಲ್‌ನಲ್ಲಿ ತೀರಿಕೊಂಡ ಅವರ ಮಗ ಗಿರಿಯ ತುಕಡಿಯಲ್ಲೇ ಫಾದರ್ ಕೂಡ ಇದ್ದರೆಂಬುದು ಆಕೆಗೆ ಈಚೆಗಷ್ಟೇ ತಿಳಿದಿತ್ತು. "ಕೊನೇಗಳಿಗೇಲಿ ನಮ್ ಗಿರಿ ಬಾಯಿಗೆ ಯಾರಾದ್ರೂ ನೀರ್ ಬಿಟ್ರಾ ಸ್ವಾಮಿ?" ಎಂದು ಕೇಳಿದರು. "ನಾನೇ ಬಿಟ್ಟೆ ಕಣಮ್ಮಾ, ನಾರಾಯಣಾ ನಾರಾಯಣಾ ಅಂತ ಹೇಳ್ತಾ. ತಲೆ ಇಲ್ಲಿತ್ತು" ಎಂದು ಫಾದರ್ ಎಡತೋಳನ್ನು ಮಡಿಸಿ ತೋರಿಸಿದರು. ಮುನಿಕೃಷ್ಣಮ್ಮ ಆ ಬರಿಯ ತೋಳನ್ನು ಮೆಲ್ಲಗೆ ಸವರತೊಡಗಿದರು. ಆಕೆ ಕೈ ತೆಗೆಯುವವರೆಗೂ ಫಾದರ್ ಅದನ್ನು ಇಳಿಸಲಿಲ್ಲ.