ಬೋರ್ಡು ಚಿಕ್ಕಪ್ಪ ಕಂಪ್ಯೂಟರಿಗೆ ಹೆಸರಿಟ್ಟದ್ದು

ಹೆಸರಿಲ್ಲದ ವಸ್ತು ಕಂಡರೆ ನಮ್ಮ ಚಿಕ್ಕಪ್ಪನಿಗೆ ಕೈ ತುರಿಸುತ್ತದೆ. ಅಂಗಡಿಗಳ ಬೋರ್ಡು ಬರೆಯುವುದು ಅವರ ಕಸುಬು. ಫ್ಲೆಕ್ಸ್ ಬಂದ ಮೇಲೆ ಹೊರಗಿನ ಕೆಲಸ ಕಡಿಮೆಯಾಗಿ, ಉಳಿದ ಬಣ್ಣವೆಲ್ಲ ಮನೆಯ ಮೇಲೆ ಬಿತ್ತು. ಸ್ವಿಚ್ಚುಗಳ ಕೆಳಗೆ 'ದೀಪ', 'ಫ್ಯಾನು', ಬಕೆಟ್ಟಿನ ಹೊಟ್ಟೆಯ ಮೇಲೆ 'ಬಿಸಿನೀರು', ಬಾಗಿಲ ಹಿಂದೆ 'ಬಾಗಿಲು'. ಒಂದು ಡಬ್ಬದ ಮೇಲೆ 'ಖಾಲಿ' ಎಂದು ಬರೆದಿದ್ದಾರೆ. ಅದರಲ್ಲಿ ನಾನೊಮ್ಮೆ ಗುಂಡಿಗಳನ್ನು ಹಾಕಿಡಲು ಹೋಗಿ ಬೈಸಿಕೊಂಡೆ. "ಓದೋಕೆ ಬರಲ್ವಾ? ಖಾಲಿ ಅಂತ ಬರೆದಿದೆ. ಖಾಲಿ ಇರಬೇಕು." ಬೀದಿಯವರೆಲ್ಲ ಅವರನ್ನು ಬೋರ್ಡು ಎಂದೇ ಕರೆಯುತ್ತಾರೆ. ಅವರಿಗೆ ಅದರಿಂದ ಬೇಸರವಿಲ್ಲ, ಒಂದು ಹೆಸರಂತೂ ಇದೆಯಲ್ಲ ಎನ್ನುತ್ತಾರೆ.

ಮನೆ ನಡೆಯುವುದು ಚಿಕ್ಕಮ್ಮನ ಹೊಲಿಗೆಯಿಂದ. ಮುಂದಿನ ಕೋಣೆಯೇ ಅಂಗಡಿ. ನಾನು ಚಿಕ್ಕಪ್ಪನ ಅಣ್ಣನ ಮಗಳು. ಕಾಜಾ ಹಾಕಿ ಗುಂಡಿ ಹೊಲಿಯುವುದು ನನ್ನ ಪಾಲು. ಬಾಗಿಲ ಮೇಲಿನ ಬೋರ್ಡಿನಲ್ಲಿ ಚಿಕ್ಕಮ್ಮನ ಹೆಸರಿದೆ. ಮದುವೆಯಾದ ಹೊಸದರಲ್ಲಿ ಚಿಕ್ಕಪ್ಪ ಕೆಂಪು ಅಕ್ಷರಕ್ಕೆ ಹಳದಿ ನೆರಳು ಕೊಟ್ಟು ಬರೆದದ್ದು, ಇವತ್ತಿಗೂ ಬಣ್ಣ ಮಾಸಿಲ್ಲ. ಆದರೆ ಆ ಹೆಸರು ಹಿಡಿದು ಕರೆದರೆ ಚಿಕ್ಕಮ್ಮ ಒಂದೇ ಸಲಕ್ಕೆ ಓಗೊಡುವುದಿಲ್ಲ. ಎರಡನೆಯ ಸಲಕ್ಕೆ ತಲೆಯೆತ್ತಿ "ಹ್ಞಾ, ನನ್ನನ್ನಾ?" ಎನ್ನುತ್ತಾರೆ. ಹೊಲಿಗೆ ಯಂತ್ರದ ಸದ್ದಿಗೆ ಕಿವಿ ಮಂದವಾಗಿದೆ ಎಂದು ನಾವು ಅಂದುಕೊಂಡಿದ್ದೆವು.

ಚಿಕ್ಕಮ್ಮ ಬಟ್ಟೆ ಕತ್ತರಿಸುವ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆದು, ಕಾಗದದ ಮೇಲೆ ಮುದ್ರಿಸಿಕೊಳ್ಳುತ್ತಾರೆ. ಆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ನಮ್ಮ ಮನೆಯ ಹಾಗೆಯೇ ಆಗಿತ್ತು. ನಮೂನೆಗಳಿರುವ ಭಾಗದಲ್ಲಿ ಉಸಿರಾಡಲು ಜಾಗವಿಲ್ಲ, ಪಕ್ಕದ ಭಾಗ ಭಣಭಣ, ನಡುವೆ ಕದಲದ ಗೋಡೆ. ಮೂಲೆಯ ಕಂಪ್ಯೂಟರ್ ಅಂಗಡಿಯವನು ಚಿಕ್ಕಪ್ಪನ ಸ್ನೇಹಿತ. ಕಂಪ್ಯೂಟರ್ ನಡೆಸುವ ಈಗಿನ ವ್ಯವಸ್ಥೆ ತೆಗೆದು ಲಿನಕ್ಸ್ ಹಾಕಿ, ಅದರಲ್ಲಿ ಲಾಜಿಕಲ್ ವಾಲ್ಯೂಮ್ ಮಾಡಿಕೊಳ್ಳಿ ಎಂದು ಉಪಾಯ ಹೇಳಿಕೊಟ್ಟವನು ಅವನೇ. ಇಡೀ ಡಿಸ್ಕನ್ನು ಒಂದು ದೊಡ್ಡ ಮನೆ ಮಾಡಿ, ಒಳಗೆ ಸರಿಸಬಲ್ಲ ಗೋಡೆಗಳ ಕೋಣೆಗಳನ್ನು ಮಾಡುವುದು. ಇಕ್ಕಟ್ಟಾದ ಕೋಣೆಯನ್ನು ಹಿಗ್ಗಿಸಬಹುದು, ಪ್ರತಿಯೊಂದಕ್ಕೂ ಬೇಕಾದ ಹೆಸರಿಡಬಹುದು ಎಂದ. ಚಿಕ್ಕಪ್ಪನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ ಎಂದು ನನ್ನ ಗುಮಾನಿ.

ಚಿಕ್ಕಮ್ಮ ಅಕ್ಕನ ಮನೆಗೆ ಹೋದದ್ದೇ ತಡ, ಚಿಕ್ಕಪ್ಪ ಅಂಗಡಿಯವನು ಕೊಟ್ಟ ಲಿನಕ್ಸಿನ ಪೆನ್‌ಡ್ರೈವ್ ಹಿಡಿದು ಕೂತರು. ಮೊದಲ ಸಲ ಎಲ್ಲವನ್ನೂ ಆ ಸರಿಯುವ ಗೋಡೆಗಳ ಒಳಗೇ ತುರುಕಿದರು, ಯಂತ್ರ ಏಳಲಿಲ್ಲ. "ಯಂತ್ರ ಎಬ್ಬಿಸೋ ಬೂಟ್ ಸಾಮಾನನ್ನೂ ಒಳಗೇ ಹಾಕಿದ್ರೆ ಹೇಗೆ?" ಎಂದು ಅಂಗಡಿಯವನು ನಕ್ಕ. "ಹಳೇ ಯಂತ್ರ, ಅದಕ್ಕೆ ಅಷ್ಟು ಒಳಗೆ ಕಣ್ಣು ಕಾಣಲ್ಲ. ಹೊರಗಡೆ ಒಂದು ಸಣ್ಣ ಮಾಮೂಲಿ ಭಾಗ ಬಿಡಿ. ಮನೆಗೆ ಜಗಲಿ ಇದ್ದ ಹಾಗೆ." ಚಿಕ್ಕಪ್ಪ ಮತ್ತೆ ಮೊದಲಿನಿಂದ ಶುರುಮಾಡಿ ಜಗಲಿ ಬಿಟ್ಟರು. ಯಂತ್ರ ಎದ್ದಿತು. ನಮೂನೆ ಬರೆಯುವ ಪ್ರೋಗ್ರಾಮನ್ನೂ ಹಾಕಿ, ಅಂಗಡಿಯವನ ಡಿಸ್ಕಿನಲ್ಲಿ ಎತ್ತಿಟ್ಟಿದ್ದ ನಮೂನೆಗಳನ್ನೆಲ್ಲ ಒಳಗೆ ಸೇರಿಸಿ, ಅವನ ಡಿಸ್ಕನ್ನು ಖಾಲಿ ಮಾಡಿ ಕೊಟ್ಟರು. ನಾನೇ ಕಣ್ಣಾರೆ ಒಂದು ತೋಳಿನ ನಮೂನೆ ತೆರೆದು ನೋಡಿದೆ. ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಯಂತ್ರ ಹಚ್ಚಿದರೆ ಕಪ್ಪು ಪರದೆ, ಬಿಳಿ ಅಕ್ಷರ. ಅದು ಯಾರಿಗೋ ಕಾಯುವ ಹಾಗೆ ತುಂಬ ಹೊತ್ತು ಕಾದು, ಕೊನೆಗೆ ತಾನು ಹುಡುಕುತ್ತಿರುವುದು ಇಲ್ಲಿ ಇಲ್ಲವೇ ಇಲ್ಲ ಎಂದು ಬರೆದು ನಿಂತುಬಿಟ್ಟಿತು. ಆಸ್ಪತ್ರೆಯ ನರ್ಸುಗಳೆಲ್ಲರ ಸಮವಸ್ತ್ರ ಹೊಲಿಯುವ ಕೆಲಸ ಚಿಕ್ಕಮ್ಮನಿಗೆ ಆಗಷ್ಟೇ ಸಿಕ್ಕಿತ್ತು. ಒಬ್ಬೊಬ್ಬರ ಅಳತೆಯೂ ಆ ಯಂತ್ರದಲ್ಲಿತ್ತು. ಮಾರನೆಯ ದಿನ ಬೆಳಿಗ್ಗೆ ಒಂದು ಜೊತೆ ಹೊಲಿದು ತೋರಿಸದಿದ್ದರೆ ಬಟ್ಟೆಯ ಥಾನುಗಳು ಎದುರು ಸಾಲಿನ ಅಂಗಡಿಗೆ ಹೋಗುತ್ತವೆ ಎಂದು ಹಿರಿಯ ನರ್ಸು ಖಡಾಖಂಡಿತವಾಗಿ ಹೇಳಿದ್ದರು. ಈ ಕೆಲಸಕ್ಕಾಗಿ ಚಿಕ್ಕಮ್ಮ ಎಷ್ಟು ಸಲ ಆ ಆಸ್ಪತ್ರೆಯ ಬೆಂಚಿನ ಮೇಲೆ ಕಾದಿದ್ದಾರೆಂದು ನನಗೆ ಗೊತ್ತು. ಅವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು.

ಚಿಕ್ಕಪ್ಪ ಅಂಗಡಿಯವನಿಗೆ ಫೋನು ಹಚ್ಚಿದರು.

"ಎದ್ದಿದ್ದ ಯಂತ್ರ ಸುಮ್ಸುಮ್ನೆ ಮಲಗಲ್ಲ. ಆಮೇಲೆ ಏನು ಬದಲಾಯಿಸಿದ್ರಿ?"

"ಏನೂ ಇಲ್ಲ."

"ನೆನಪು ಮಾಡ್ಕೊಳ್ಳಿ."

"ಏನೂ ಇಲ್ಲ ಅಂದೆನಲ್ಲ. ಮುಟ್ಟೇ ಇಲ್ಲ."

"ಹಾಗಾದ್ರೆ ಎಲ್ಲ ಅಳಿಸಿ ಹೊಸದಾಗಿ ಹಾಕಿ" ಎಂದು ಅವನು ಫೋನಿಟ್ಟ. ಅಳಿಸುವ ಮಾತು ಕೇಳಿ ಚಿಕ್ಕಪ್ಪನ ಮುಖ ಸುಣ್ಣ ಬಳಿದಂತಾಯಿತು. ಪೆನ್‌ಡ್ರೈವಿನಿಂದ ಯಂತ್ರ ಹಚ್ಚಿ ಇಣುಕಿದರೆ ಎಲ್ಲ ಕೋಣೆಗಳೂ ಇದ್ದಲ್ಲೇ ಇದ್ದವು, ನಮೂನೆಗಳೂ ಇದ್ದವು. ಆದರೆ ಅವನ್ನು ತೆರೆಯುವ ಪ್ರೋಗ್ರಾಮು ಇದ್ದದ್ದು ಏಳಲೊಲ್ಲದ ಲಿನಕ್ಸಿನೊಳಗೆ. ತಪ್ಪು ಜಗಲಿಯದೇ ಇರಬೇಕೆಂದು ಚಿಕ್ಕಪ್ಪ ಬೂಟ್ ಸಾಮಾನನ್ನು ಮತ್ತೆ ಹಾಕಿದರು. ಮತ್ತದೇ ಕಪ್ಪು ಪರದೆ, ಮತ್ತದೇ 'ಇಲ್ಲ'. ಇನ್ನೊಮ್ಮೆ ಹಾಕಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ನಾನೇ ಆಸ್ಪತ್ರೆಗೆ ಹೋಗಿ ನರ್ಸುಗಳ ಅಳತೆ ತಗೊಂಡು ಬಂದುಬಿಡಲಾ?" ಎಂದರು ಕೊನೆಗೆ.

"ಚಿಕ್ಕಪ್ಪ, ಟೇಪು ಹಿಡಿದು ನೀವು ಅಲ್ಲಿಗೆ ಹೋದ್ರೆ ಅಲ್ಲೇ ಒಂದು ಬೆಡ್ಡು ಕೊಡ್ತಾರೆ."

ಅವರು ನಗಲಿಲ್ಲ. ನನಗೂ ಹೇಳಿದ ಮೇಲೆ ನಗು ಬರಲಿಲ್ಲ.

ಬಸ್ಸು ಆ ದಿನ ತಡವಾಗಬಾರದಿತ್ತೇ? ಸರಿಯಾದ ಹೊತ್ತಿಗೆ ಬಂತು. ಚಿಕ್ಕಮ್ಮ ಚೀಲ ಕೆಳಗಿಟ್ಟು, ಚಪ್ಪಲಿಯನ್ನೂ ಬಿಡದೆ ಪರದೆ ನೋಡಿದರು. ಕೂಗಾಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

"ನನ್ನ ನಮೂನೆಗಳು?"

"ಒಳಗೇ ಇವೆ" ಎಂದರು ಚಿಕ್ಕಪ್ಪ.

"ತೆಗೀರಿ."

"ಅದೇ ಬರ್ತಿಲ್ಲ."

ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವರ ಮುಖದ ಮೇಲೆಯೇ ಬರೆದಿತ್ತು. ಅದನ್ನು ನೋಡಲಾರದೆ ಚಿಕ್ಕಪ್ಪ ತಮ್ಮ ಬುಟ್ಟಿಯಲ್ಲಿದ್ದ ಒಂದೇ ಒಂದು ಸಿಹಿಮಾತನ್ನು ಹೊರತೆಗೆದರು.

"ನಿನ್ನ ಹೆಸರನ್ನೇ ಇಟ್ಟಿದ್ದೆ ಕಣೇ."

"ಯಾವುದಕ್ಕೆ?"

"ಇದಕ್ಕೆ. ಒಳಗಿನ ಕೋಣೆಗಳೆಲ್ಲ ಸೇರಿ ಒಂದು ಗುಂಪು. ಅದಕ್ಕೆ ಲಿನಕ್ಸೇ ಏನೋ ಒಂದು ಸಪ್ಪೆ ಹೆಸರು ಹಾಕಿತ್ತು. ನೋಡೋಕೆ ಆಗ್ಲಿಲ್ಲ. ಅದನ್ನ ತೆಗೆದು ನಿನ್ನ ಹೆಸರು ಹಾಕಿದೆ."

"ಯಾವಾಗ?"

"ನಿನ್ನೆ. ಎಲ್ಲ ಸರಿಹೋದ ಮೇಲೆ, ಬಂದ್ ಮಾಡೋಕೆ ಮುಂಚೆ."

"ಆಮೇಲೆ ಅದು ಎದ್ದಿದೆಯಾ?"

"ಇಲ್ಲ" ಎಂದವರೇ ಚಿಕ್ಕಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಇಡೀ ಬೆಳಿಗ್ಗೆ 'ಏನೂ ಬದಲಾಯಿಸಿಲ್ಲ' ಎಂದು ಅವರು ಹೇಳಿದ್ದು ಸುಳ್ಳಲ್ಲ. ಅವರ ಲೆಕ್ಕದಲ್ಲಿ ಹೆಸರು ಬರೆಯುವುದು ಬದಲಾಯಿಸುವುದೇ ಅಲ್ಲ.

"ಹೆಸರು ಬರೆದ ಮಾತ್ರಕ್ಕೆ ಬಕೆಟ್ಟು ಸೋರತ್ತಾ?" ಎಂದರು ಮೆಲ್ಲಗೆ.

"ಬಕೆಟ್ಟನ್ನ ಯಾರೂ ಕೂಗಿ ಕರೆಯಲ್ಲ ಕಣ್ರೀ" ಎಂದರು ಚಿಕ್ಕಮ್ಮ. ಪರದೆಯ ಮೇಲಿನ 'ಇಲ್ಲ'ದ ಕಡೆ ಕೈ ತೋರಿಸಿದರು. "ಮದುವೆಯಾದಾಗ ನಿಮ್ಮಮ್ಮನಿಗೆ ನನ್ನ ಹೆಸರು ಹಿಡಿಸಲಿಲ್ಲ. ಹೊಸದು ಇಟ್ರು, ನೀವು ಬೋರ್ಡಿನ ಮೇಲೆ ಬರೆದಿರೋದು. ಆಮೇಲೆ ಒಂದು ದಿನ ನನ್ನ ಗೆಳತಿ ಅಷ್ಟು ದೂರದಿಂದ ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ನಿಂತು ನನ್ನ ಹಳೇ ಹೆಸರು ಹೇಳಿ ಕೇಳಿದಳಂತೆ. ಆ ಹೆಸರಿನವರು ಈ ಮನೇಲಿ ಯಾರೂ ಇಲ್ಲ ಅಂತ ನಿಮ್ಮಮ್ಮ ಹೇಳಿ ಕಳಿಸಿದ್ರು. ನಾನು ಒಳಗೇ ಇದ್ದೆ. ಬಟ್ಟೆ ಮಡಿಸ್ತಾ ಇದ್ದೆ."

ಅಜ್ಜಿ ಕೆಟ್ಟವರಲ್ಲ, ಅವರಿಗೆ ನಿಜವಾಗಿಯೂ ಆ ಹೆಸರು ಮರೆತೇಹೋಗಿತ್ತು ಅನ್ನಿಸುತ್ತದೆ. ಆದರೂ ನನಗೆ ಅವರ ಮೇಲೆ ಸಿಟ್ಟು ಬಂತು. ಚಿಕ್ಕಪ್ಪ ಮಾತ್ರ ಹೆಂಡತಿಯನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡಿ, ಎದ್ದು ಫೋನಿಗೆ ಕೈಹಾಕಿದರು.

"ಹೆಸರು ಬದಲಾಯಿಸಿದ್ದೆ ಕಣಯ್ಯಾ, ಗುಂಪಿನದ್ದು."

ಆ ಕಡೆಯಿಂದ ಬಂದದ್ದನ್ನೆಲ್ಲ ಬರೆಯುವ ಹಾಗಿಲ್ಲ. ಸಾರಾಂಶ ಇಷ್ಟು: ಜಗಲಿಯಲ್ಲಿ ಕೂತದ್ದು ಒಳಗಿನವರನ್ನು ಹಳೆಯ ಹೆಸರು ಹಿಡಿದೇ ಕರೆಯುತ್ತದೆ. ಹೊಸ ಹೆಸರೇ ಬೇಕೆಂದರೆ ಹಳೆಯದು ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಹುಡುಕಿ ತಿದ್ದಬೇಕು. ಇಲ್ಲವೇ ಹಳೆಯದನ್ನೇ ವಾಪಸ್ ಇಟ್ಟುಬಿಡಬೇಕು.

ಚಿಕ್ಕಪ್ಪ ಚಿಕ್ಕಮ್ಮನ ಕಡೆ ತಿರುಗಿದರು. "ನಿನ್ನ ಹೆಸರು ಇರಲಿ ಅಂದ್ರೆ ಸ್ವಲ್ಪ ಹೊತ್ತಾಗತ್ತೆ."

"ಹಳೇದೇ ಹಾಕಿ. ಅದರ ಹೆಸರು ಅದಕ್ಕಿರಲಿ."

ಚಿಕ್ಕಪ್ಪ ಪೆನ್‌ಡ್ರೈವ್ ಸಿಕ್ಕಿಸಿ, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿದರು. ಒಂದೇ ಸಾಲಿನ ಕೆಲಸ. ಪೆನ್‌ಡ್ರೈವ್ ಕಿತ್ತು ಯಂತ್ರ ಹಚ್ಚಿದರು. ಕಪ್ಪು ಪರದೆ ಬಂತು, ಬಿಳಿ ಅಕ್ಷರಗಳು ಓಡಿದವು. ಈ ಸಲ ಅದು ಯಾರಿಗೂ ಕಾಯಲಿಲ್ಲ. ನಮೂನೆಗಳು ಒಂದೊಂದಾಗಿ ತೆರೆದುಕೊಂಡವು, ಹಿರಿಯ ನರ್ಸಿನ ಭುಜ, ಸೊಂಟ, ತೋಳು ಎಲ್ಲವೂ ಕ್ಷೇಮವಾಗಿದ್ದವು. ಚಿಕ್ಕಮ್ಮ ಚಪ್ಪಲಿ ಬಿಟ್ಟದ್ದು ಆಗಲೇ.

ಸಂಜೆಯ ಹೊತ್ತಿಗೆ ಮೊದಲ ಜೊತೆ ಕತ್ತರಿಸಿ ಆಗಿತ್ತು. ಚಿಕ್ಕಮ್ಮ ಹೊಲಿಗೆ ಯಂತ್ರ ಓಡಿಸುತ್ತಿದ್ದರು, ನಾನು ಕಾಜಾ ಹಾಕುತ್ತಿದ್ದೆ. ಚಿಕ್ಕಪ್ಪ ಬ್ರಶ್ಶು ಹಿಡಿದು ಏನನ್ನೂ ಬರೆಯದೆ ಕೂತಿದ್ದರು. ಅದೇ ಒಂದು ಸೋಜಿಗ. ಆಮೇಲೆ ಗಂಟಲು ಸರಿಮಾಡಿಕೊಂಡು ಯಾರನ್ನೋ ಕರೆದರು. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಕೇಳಿರದ ಹೆಸರು, ಅದೂ ಅಳುಕುತ್ತ. ಯಾರು ಬಂದರೆಂದು ನಾನು ಬಾಗಿಲ ಕಡೆ ತಿರುಗಿ ನೋಡಿದೆ.

ಹೊಲಿಗೆ ಯಂತ್ರ ಸದ್ದು ಮಾಡುತ್ತಲೇ ಇತ್ತು. ಚಿಕ್ಕಮ್ಮ ಒಂದೇ ಸಲಕ್ಕೆ "ಓ" ಅಂದರು.